ಬಿಪಿ ಗುಳಿಗೆ ಮಿದುಳಿನ ಔಷಧವೂ ಹೌದು: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ
ಹಾಗೂ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ

ಮಾನ್ಯರೇ,

ಲಕ್ವಾ ಹೊಡೆದವರ ಮನೆಗೆ ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಫಿಜಿಯೋಥೆರಪಿಸ್ಟ್ ನಾನು. ಕಲಬುರಗಿ ನಗರದ ಓಣಿಗಳಲ್ಲೂ ಆಳಂದ, ಜೇವರ್ಗಿ ಕಡೆಯ ಹಳ್ಳಿಗಳಲ್ಲೂ ನನ್ನ ಓಡಾಟ. ಬಿದ್ದ ಕೈ ಎದ್ದಿತು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರು ಅಂದರೆ ಮನೆಯವರಿಗೂ ನನಗೂ ಅದೇ ಹಬ್ಬ. ಕೆಲವು ತಿಂಗಳು ಕಳೆದ ಮೇಲೆ ಅವೇ ಮನೆಗಳಿಂದ ಬೇರೆ ಥರದ ಫೋನು ಬರುತ್ತದೆ. “ಕೈಕಾಲು ಛಲೋ ಆಗ್ಯಾವ್ರೀ. ಆದ್ರ ಮುತ್ಯಾ ಮೊದ್ಲಿನಂಗ ಇಲ್ಲ. ಸುಮ್ನ ಕುಂತುಬಿಡ್ತಾನ. ಕೇಳಿದ್ದಕ್ಕ ಎಷ್ಟೋ ಹೊತ್ತಿಗೆ ಉತ್ತರ ಕೊಡ್ತಾನ. ರೊಕ್ಕ ಎಣಸಲಾಕ ಬರಲಾಗ್ಯಾದ.”

ಈ ಫೋನುಗಳು ಎಷ್ಟು ಸಾಮಾನ್ಯವೆಂದರೆ, ಈಗ ಲಕ್ವಾ ಆದವರ ಮನೆಗೆ ಮೊದಲ ದಿನ ಹೋದಾಗಲೇ ಮನೆಯವರನ್ನು ಪಕ್ಕಕ್ಕೆ ಕರೆದು ಈ ವಿಷಯ ಹೇಳಿಬಿಡುತ್ತೇನೆ. ಮಿದುಳಿನ ರಕ್ತನಾಳ ಕೆಟ್ಟರೆ ಬರೀ ಕೈಕಾಲು ಹೋಗುವುದಿಲ್ಲ, ಬುದ್ಧಿಶಕ್ತಿಯೂ ಸವೆಯುತ್ತದೆ. ಮೊದಲ ಸಲ ಲಕ್ವಾ ಆದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಅದರ ಬೆನ್ನಲ್ಲೇ ಡಿಮೆನ್ಷಿಯಾ (ನೆನಪು, ಯೋಚನೆ ಕುಂದಿ ದಿನದ ಕೆಲಸವೂ ಆಗದಂತಾಗುವ ಕಾಯಿಲೆ) ಹೊಸದಾಗಿ ಕಾಣಿಸಿಕೊಳ್ಳುತ್ತದೆ ಎಂದು ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಲೆಕ್ಕ ಹಾಕಿದ್ದಾರೆ. ಎರಡನೇ ಸಲ ಹೊಡೆದವರಲ್ಲಿ ಅದು ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ನಮ್ಮ ಕಡೆ ಎರಡನೇ ಲಕ್ವಾ ಅಪರೂಪವೇನಲ್ಲ. ಮೊದಲನೆಯದು ಆದ ಮೇಲೂ ಗುಳಿಗೆ ಬಿಟ್ಟವರು ಎಷ್ಟೋ ಮಂದಿ.

ಈ ಪತ್ರದಲ್ಲಿ ಕೇಳುತ್ತಿರುವುದು ದೊಡ್ಡ ಕಟ್ಟಡವಲ್ಲ. ನಲವತ್ತರಿಂದ ಅರವತ್ತರ ನಡುವಿನ ನಮ್ಮ ಜನರಿಗೆ ಬಿಪಿ ಗುಳಿಗೆ ಒಂದು ದಿನವೂ ತಪ್ಪದಂತೆ ಸಿಗಬೇಕು, ಅದನ್ನು ನುಂಗಿದರೋ ಇಲ್ಲವೋ ಎಂದು ವಿಚಾರಿಸುವವರು ಒಬ್ಬರಿರಬೇಕು. ಈ ಖರ್ಚನ್ನು ಮಿದುಳು ಉಳಿಸುವ ಖರ್ಚು ಎಂದು ಮಂಡಳಿ ಪರಿಗಣಿಸಬೇಕು ಎಂಬುದು ನನ್ನ ಬೇಡಿಕೆ. ಯಾಕೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ದಯವಿಟ್ಟು ಕೊನೆಯವರೆಗೂ ಓದಿ.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಅಷ್ಟೇ. ದೇಹ ಬಳಸುವ ಆಮ್ಲಜನಕದಲ್ಲಿ ಮಾತ್ರ ಸುಮಾರು 20 ಪಾಲು ಅದಕ್ಕೇ ಬೇಕು. ಕೂಡಿಟ್ಟುಕೊಂಡು ಆಮೇಲೆ ಬಳಸುವ ಅನುಕೂಲ ಅದಕ್ಕಿಲ್ಲ, ರಕ್ತ ಕ್ಷಣಕ್ಷಣವೂ ಬರುತ್ತಲೇ ಇರಬೇಕು. ಕುತ್ತಿಗೆಯಿಂದ ಮೇಲೇರುವ ದೊಡ್ಡ ನಾಳಗಳಿಂದ ಕೂದಲೆಳೆಯಷ್ಟು ಸಣ್ಣ ನಾಳಗಳು ಕವಲೊಡೆದು ಮಿದುಳಿನ ಆಳಕ್ಕೆ ಇಳಿಯುತ್ತವೆ. ನಾರಾಯಣಪುರ ಎಡದಂಡೆ ಕಾಲುವೆಯ ಕೊನೇ ಭಾಗದ ರೈತರ ಪಾಡು ಮಂಡಳಿಯ ಸದಸ್ಯರಿಗೆ ಹೊಸದಲ್ಲ. ಮುಖ್ಯ ಕಾಲುವೆ ತುಂಬಿ ಹರಿದರೂ ಹೂಳು ಕಟ್ಟಿದ ಹೊಲಗಾಲುವೆ ದಾಟಿ ತುದಿಯ ಹೊಲಕ್ಕೆ ನೀರು ಮುಟ್ಟುವುದಿಲ್ಲ, ಬೆಳೆ ಒಂದೇ ದಿನಕ್ಕೆ ಸಾಯದೆ ದಿನದಿನಕ್ಕೆ ಬಾಡುತ್ತದೆ. ಮಿದುಳಿನ ಒಳಭಾಗದ ಬಿಳಿ ದ್ರವ್ಯದ ಸ್ಥಿತಿ ಅದೇ. ಮಿದುಳಿನ ಒಂದು ಭಾಗದ ಸುದ್ದಿಯನ್ನು ಇನ್ನೊಂದು ಭಾಗಕ್ಕೆ ಮುಟ್ಟಿಸುವ ನರತಂತುಗಳೆಲ್ಲ ಇರುವುದು ಅಲ್ಲಿ. ಆ ಜಾಗಕ್ಕೆ ಬೇರೆ ಕಡೆಯಿಂದ ರಕ್ತ ಹರಿದುಬರುವ ಪರ್ಯಾಯ ದಾರಿಯೂ ಇಲ್ಲ.

ಈ ಸಣ್ಣ ನಾಳಗಳಲ್ಲಿ ಅನೇಕವು ದೊಡ್ಡ ನಾಳದಿಂದ ನೇರವಾಗಿ ಕವಲೊಡೆಯುವುದರಿಂದ ರಕ್ತದೊತ್ತಡ ಏರಿದರೆ ಅದರ ಪೆಟ್ಟು ಅವುಗಳ ಮೇಲೆ ನೇರವಾಗಿಯೇ ಬೀಳುತ್ತದೆ. ಹತ್ತು ಹದಿನೈದು ವರ್ಷ ಹೀಗೆ ಪೆಟ್ಟು ತಿಂದ ನಾಳದ ಗೋಡೆ ದಪ್ಪಗಾಗಿ, ಗಡುಸಾಗಿ, ಒಳಗಿನ ದಾರಿ ಕಿರಿದಾಗುತ್ತದೆ. ಕೆಲವು ಕಡೆ ಪೂರ್ತಿ ಮುಚ್ಚಿಹೋಗಿ 3ರಿಂದ 15 ಮಿಲಿಮೀಟರ್ ಗಾತ್ರದ ಕುಳಿ ಬೀಳುತ್ತದೆ. ಕೆಲವು ಕಡೆ ಗೋಡೆ ಸೋರಿ ಚುಕ್ಕೆಯಂಥ ರಕ್ತಸ್ರಾವ ಆಗುತ್ತದೆ. ಉಳಿದ ಕಡೆ ಬಿಳಿ ದ್ರವ್ಯ ಹೊಟ್ಟೆಗಿಲ್ಲದೆ ಸೊರಗುತ್ತದೆ. ಎಂಆರ್‌ಐ ಚಿತ್ರದಲ್ಲಿ ಬಿಳಿ ಮಚ್ಚೆಗಳಾಗಿ ಕಾಣುವುದು ಇದೇ. ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಕೆಟ್ಟ ಕೊಲೆಸ್ಟರಾಲ್ ಸೇರಿಕೊಂಡರೆ ಈ ಸವೆತ ಇನ್ನಷ್ಟು ಬೇಗ.

ಎಲ್ಲಕ್ಕಿಂತ ಕಷ್ಟದ ವಿಷಯವೆಂದರೆ ಇದರಲ್ಲಿ ಬಹುಪಾಲು ಸದ್ದಿಲ್ಲದೆ ನಡೆಯುತ್ತದೆ. ಬಾಯಿ ಸೊಟ್ಟಗಾಗುವುದಿಲ್ಲ, ಕೈ ಬೀಳುವುದಿಲ್ಲ, ಯಾರೂ ದವಾಖಾನೆಗೆ ಓಡುವುದಿಲ್ಲ. ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ 60ರಿಂದ 90 ವರ್ಷದ ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಚಿತ್ರ ತೆಗೆದು ಹಲವು ವರ್ಷ ಅವರನ್ನು ಗಮನಿಸಿದರು. ಇಂಥ ಗೊತ್ತಾಗದ ಕುಳಿಗಳಿದ್ದವರಲ್ಲಿ ಡಿಮೆನ್ಷಿಯಾದ ಅಪಾಯ ಎರಡು ಪಟ್ಟಿಗಿಂತ ಹೆಚ್ಚು ಎಂದು 2003ರಲ್ಲಿ ಅವರು ಪ್ರಕಟಿಸಿದರು. ಅಂದರೆ ನಾನು ನೋಡುವ ಲಕ್ವಾ ರೋಗಿಗಳು ಈ ಕಾಯಿಲೆಯ ಒಂದು ಪಾಲು ಮಾತ್ರ. ನನ್ನಂಥವರ ಕಣ್ಣಿಗೆ ಬೀಳದೆ ಮನೆ ಮೂಲೆಯಲ್ಲಿ ಕುಳಿತವರು ಇನ್ನೂ ಹೆಚ್ಚು.

ಅಂಥ ಒಬ್ಬ ಆಯಿಯನ್ನು ನಾನು ಕಂಡಿದ್ದು ಆಕೆಯ ಗಂಡನಿಗೆ ವ್ಯಾಯಾಮ ಮಾಡಿಸಲು ಹೋದ ಮನೆಯಲ್ಲಿ. ಆಕೆಗೆ ಯಾವತ್ತೂ ಲಕ್ವಾ ಆಗಿರಲಿಲ್ಲ. ಬಿಪಿ ಇದೆ ಎಂದು ವರ್ಷಗಳ ಹಿಂದೆ ಯಾರೋ ಹೇಳಿದ್ದರು, ಗುಳಿಗೆಯನ್ನು ಆಗೊಮ್ಮೆ ಈಗೊಮ್ಮೆ ತೆಗೆದುಕೊಂಡಿದ್ದಳು. ನಡೆಯುವಾಗ ಪಾದ ನೆಲಕ್ಕೆ ಅಂಟಿಕೊಂಡವರಂತೆ ಸಣ್ಣ ಸಣ್ಣ ಹೆಜ್ಜೆ. ನೆನಪಿನ ಶಕ್ತಿ ಹೇಗಿದೆ ಎಂದರೆ ಮಗ ಬೆರಗಾಗಿ ನೋಡಿದ: “ಆಯಿಗಿ ನೆನಪಿಗೇನ್ ಆಗ್ಯಾದ್ರೀ? ಯಾರ ಲಗ್ನದಾಗ ಎಷ್ಟು ತೊಲಿ ಬಂಗಾರ ಹಾಕ್ಯಾರ ಅನ್ನೋದು ಸುದ್ದಾ ಹೇಳ್ತಾಳ.” ಅದು ಖರೆಯೇ. ಆದರೆ ಅವತ್ತು ಸೊಸೆಗೆ ಬೇರೆ ಕೆಲಸವಿತ್ತು, ಆಯಿ ರೊಟ್ಟಿ ಮಾಡಲು ಕೂತಳು. ಎಸರಿಟ್ಟಳು. ಜೋಳದ ಹಿಟ್ಟು ಕೊಣಮಿಗೆಗೆ ಸುರಿದಳು. ಎಸರು ಒಲೆಯ ಮೇಲೆ ಕುದಿಯುತ್ತಲೇ ಇತ್ತು, ಆಕೆ ಒಣ ಹಿಟ್ಟನ್ನೇ ಅಂಗೈಯಿಂದ ಬಡಿಯತೊಡಗಿದಳು. ಹಿಟ್ಟು ಹಾರಿತು. ಕೈ ಅಲ್ಲೇ ನಿಂತಿತು. ಹಿಟ್ಟನ್ನು ನೋಡಿದಳು, ಹಂಚನ್ನು ನೋಡಿದಳು, ಮತ್ತೆ ಹಿಟ್ಟನ್ನು ನೋಡಿದಳು. ಆಮೇಲೆ ಸೊಸೆಯನ್ನು ಕೂಗಿದಳು: “ಯವ್ವಾ, ಇದರ ಮುಂದ ಏನ್ ಮಾಡಬೇಕ?” ಲಂಗ ಹಾಕುವ ವಯಸ್ಸಿನಿಂದ ರೊಟ್ಟಿ ಬಡಿದ ಕೈ ಅದು.

ಈ ಕಾಯಿಲೆಯ ರೀತಿ ಇದೇ. ಡಿಮೆನ್ಷಿಯಾದ ಇನ್ನೊಂದು ಬಗೆಯಾದ ಅಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಹೊಸ ನೆನಪು. ಮುಂಜಾನೆ ಊಟ ಮಾಡಿದ್ದು ಸಂಜೆಗೆ ಮರೆತಿರುತ್ತದೆ. ರಕ್ತನಾಳದ ಡಿಮೆನ್ಷಿಯಾದಲ್ಲಿ ಮೊದಲು ಹೋಗುವುದು ಬಹಳ ಸಲ ವೇಗ ಮತ್ತು ಕ್ರಮ. ಯಾವುದಾದ ಮೇಲೆ ಯಾವುದು, ಎರಡು ಕೆಲಸ ಒಟ್ಟಿಗೆ ಹೇಗೆ, ಚಿಲ್ಲರೆ ಎಷ್ಟು ವಾಪಸು ಬರಬೇಕು, ಇವು ಕೈಕೊಡುತ್ತವೆ. ಉತ್ಸಾಹ ಬತ್ತಿಹೋಗುತ್ತದೆ. ಸಣ್ಣ ಮಾತಿಗೂ ಅಳು ಉಕ್ಕುತ್ತದೆ. ಮೂತ್ರ ತಡೆದುಕೊಳ್ಳಲು ಆಗುವುದಿಲ್ಲ. ಕೆಲವರಲ್ಲಿ ಇದು ಮೆಟ್ಟಿಲು ಇಳಿದಂತೆ ಸಾಗುತ್ತದೆ, ಸ್ವಲ್ಪ ದಿನ ಹಾಗೇ ಇದ್ದು ಒಮ್ಮೆಲೇ ಒಂದು ಹಂತ ಕೆಳಗೆ. ನೆನಪು ಸರಿ ಇದೆಯಲ್ಲ ಎಂದು ಮನೆಯವರು ಇದನ್ನು ಕಾಯಿಲೆ ಅಂತಲೇ ಎಣಿಸುವುದಿಲ್ಲ. ಸೋಮಾರಿ ಆಗ್ಯಾನ, ಹಟ ಮಾಡ್ತಾಳ, ಅರವತ್ತಕ್ಕ ಅರಳು ಮರಳು ಎಂದು ಬೈದು ಬಿಡುತ್ತಾರೆ. ಆ ಬೈಗುಳ ತಿನ್ನುವವರ ಮುಖವನ್ನು ನಾನು ವಾರವಿಡೀ ನೋಡುತ್ತೇನೆ. ತಮ್ಮಲ್ಲಿ ಏನೋ ತಪ್ಪಿದೆ ಎಂದು ಅವರಿಗೆ ಗೊತ್ತಿರುತ್ತದೆ, ಅದನ್ನು ಹೇಳುವ ಮಾತು ಹೊಂದಿಸಲು ಆಗುವುದಿಲ್ಲ.

ಅಲ್ಝೈಮರ್ ಮತ್ತು ಇದು ಎರಡು ಬೇರೆ ಬೇರೆ ಕೋಣೆಯ ರೋಗಗಳೂ ಅಲ್ಲ. ತೀರಿಕೊಂಡ ವೃದ್ಧರ ಮಿದುಳು ಪರೀಕ್ಷಿಸಿದವರು ಮತ್ತೆ ಮತ್ತೆ ಕಂಡಿದ್ದು ಎರಡೂ ಒಟ್ಟಿಗೆ ಇರುವುದನ್ನು. ಆ ರೋಗಕ್ಕೆ ಯಾರ ಹೆಸರು ಬಂತೋ ಆ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ನೋಡಿಕೊಂಡಿದ್ದ ಮೊದಲ ರೋಗಿ ಹೆಂಗಸು ತೀರಿಕೊಂಡಿದ್ದು 1906ರಲ್ಲಿ. ಮರುವರ್ಷ ಅವನು ಬರೆದ ವರದಿಯಲ್ಲೇ ಆಕೆಯ ಮಿದುಳಿನ ದೊಡ್ಡ ರಕ್ತನಾಳಗಳು ಗಡುಸಾಗಿದ್ದವು ಎಂಬ ಸಾಲಿದೆ. ಅಲ್ಝೈಮರ್ ಇದ್ದವರ ಮಿದುಳಿಗೆ ರಕ್ತನಾಳದ ಪೆಟ್ಟೂ ಸೇರಿದರೆ ಲಕ್ಷಣಗಳು ಬೇಗ ಹೊರಬೀಳುತ್ತವೆ. ಎರಡರಲ್ಲಿ ಒಂದನ್ನು ತಡೆಯುವ ದಾರಿ ನಮಗೆ ಚೆನ್ನಾಗಿ ಗೊತ್ತಿದೆ, ಅದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲೇ ಇದೆ ಅನ್ನುವುದೇ ನನಗೆ ಧೈರ್ಯ ಕೊಡುವ ವಿಷಯ.

ನಮ್ಮ ಭಾಗಕ್ಕೆ ಇದು ಯಾಕೆ ಹೆಚ್ಚು ಮುಖ್ಯ ಎಂದು ನೀವು ಕೇಳಬಹುದು. ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ದೊಡ್ಡ ಸಮೀಕ್ಷೆ ದೇಶದ ವಯಸ್ಕರಲ್ಲಿ 35.5 ಪ್ರತಿಶತ ಜನರಿಗೆ ರಕ್ತದೊತ್ತಡ, 11.4 ಪ್ರತಿಶತ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಹೇಳಿತು. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಷಿಯಾಕ್ಕೆ ದಾರಿ ಮಾಡಿಕೊಡುವ 14 ಅಂಶಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ಸರಿಪಡಿಸಲು ಸಾಧ್ಯವಾದರೆ ನೂರರಲ್ಲಿ 45 ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಆ ಪಟ್ಟಿಯನ್ನು ಓದಿದಾಗ ನನಗೆ ನಮ್ಮ ಜಿಲ್ಲೆಗಳೇ ಕಣ್ಣ ಮುಂದೆ ಬಂದವು. ಮಧ್ಯವಯಸ್ಸಿನ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ತಂಬಾಕು, ಮದ್ಯ, ಗಾಳಿಯ ಮಾಲಿನ್ಯ, ಒಂಟಿತನ, ಕೇಳದ ಕಿವಿ, ಕಾಣದ ಕಣ್ಣು. ಮೊದಲ ಹೆಸರುಗಳಲ್ಲೇ ಒಂದು, ಚಿಕ್ಕಂದಿನಲ್ಲಿ ಸಿಗದ ಶಿಕ್ಷಣ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ 51.83 ಪ್ರತಿಶತ, ರಾಜ್ಯದಲ್ಲೇ ಕಡಿಮೆ. ಆಗ ಶಾಲೆ ಕಾಣದೆ ಇದ್ದ ನಲವತ್ತರ ಹೆಣ್ಣುಮಕ್ಕಳು ಈಗ ಐವತ್ತೈದರ ಆಸುಪಾಸಿನಲ್ಲಿದ್ದಾರೆ. ತಪ್ಪಿಹೋದ ಶಾಲೆಯನ್ನು ಅವರಿಗೆ ವಾಪಸು ಕೊಡಲು ಯಾರಿಂದಲೂ ಆಗದು. ಅವರ ಬಿಪಿಯನ್ನು ಮಾತ್ರ ಇವತ್ತೇ ಹತೋಟಿಗೆ ತರಬಹುದು.

ಹಾಗಾದರೆ ಗುಳಿಗೆ ಯಾಕೆ ತಪ್ಪುತ್ತದೆ? ಜನರ ಅಜ್ಞಾನ ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗನಿಸುವುದಿಲ್ಲ. ರೋಗಿಯ ಮನೆಯಲ್ಲಿ ಗುಳಿಗೆ ತೋರಿಸಿ ಎಂದು ಕೇಳುವುದು ನನ್ನ ರೂಢಿ. ಬಹಳ ಸಲ ಎಲೆ-ಅಡಿಕೆ ಡಬ್ಬಿ ತೆರೆಯುತ್ತದೆ. ಸುಣ್ಣದ ಡಬ್ಬಿ, ಅಡಕೊತ್ತಿನ ಜೊತೆ ಕತ್ತರಿಯಿಂದ ಕತ್ತರಿಸಿದ ಗುಳಿಗೆಯ ತುಂಡು ಪಟ್ಟಿಗಳು. ನಾಲ್ಕು ಇರುವುದೊಂದು, ಮೂರು ಇರುವುದೊಂದು, ಹೆಸರು ಹರಿದುಹೋಗಿ ಯಾವ ಗುಳಿಗೆ ಎಂದು ಗೊತ್ತಾಗದ್ದು ಇನ್ನೊಂದು. ಆ ತುಂಡುಗಳನ್ನು ಸಾಲಾಗಿ ಇಟ್ಟು ಕೇಳಿದರೆ ವರ್ಷದ ಕಥೆಯೇ ಹೊರಬರುತ್ತದೆ. ಆರೋಗ್ಯ ಕೇಂದ್ರದಲ್ಲಿ ಸ್ಟಾಕ್ ಇಲ್ಲ ಎಂದ ತಿಂಗಳು ಮೆಡಿಕಲ್ ಶಾಪಿನಲ್ಲಿ ಕೈಯಲ್ಲಿದ್ದ ರೊಕ್ಕಕ್ಕೆ ಸಿಕ್ಕಷ್ಟು ಕತ್ತರಿಸಿ ತಂದಿದ್ದು. ತೊಗರಿ ರಾಶಿಯ ಕಾಲಕ್ಕೆ ಕೂಲಿ ಬಿಟ್ಟು ದವಾಖಾನೆಯ ಸಾಲಿನಲ್ಲಿ ನಿಲ್ಲಲಾಗದೆ ಬಿಟ್ಟಿದ್ದು. ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದಾಗ ಮೂವತ್ತು ದಿನದ ಗುಳಿಗೆ ಮುಗಿದಿದ್ದು. “ಬಿಪಿ ನಾರ್ಮಲ್ ಆಗ್ಯಾದ ಅಂದ್ರು, ಅದಕ್ಕ ಬಿಟ್ಟೀನ್ರೀ” ಎಂಬ ಮಾತು ಎಲ್ಲ ಮನೆಯಲ್ಲೂ ಇದೆ. ನಾರ್ಮಲ್ ಆಗಿದ್ದು ಗುಳಿಗೆಯಿಂದ, ಬಿಟ್ಟರೆ ಮತ್ತೆ ಏರುತ್ತದೆ ಎಂದು ಅವರ ಎದುರು ಕೂತು ನಿಧಾನವಾಗಿ ಹೇಳಿದವರೇ ಇಲ್ಲ. ಏರಿದ ಬಿಪಿಗೆ ನೋವಿಲ್ಲ, ತಲೆಸುತ್ತೂ ಇರಲೇಬೇಕೆಂದಿಲ್ಲ. ಇದರಲ್ಲಿ ರೋಗಿಯ ತಪ್ಪೆಷ್ಟು?

ಗುಳಿಗೆಯ ಬೆಲೆಯೂ ದೊಡ್ಡದಲ್ಲ. ಜನೌಷಧಿ ಅಂಗಡಿಯಲ್ಲಿ ಆಮ್ಲೋಡಿಪಿನ್ ಎಂಬ ಬಿಪಿ ಗುಳಿಗೆ ಒಂದಕ್ಕೆ ಒಂದು ಚಹಾದಷ್ಟೂ ದರವಿಲ್ಲ. ಡಿಮೆನ್ಷಿಯಾ ಬಂದ ಮೇಲೆ ಒಂದು ಮನೆ ಕಳೆದುಕೊಳ್ಳುವುದಕ್ಕೆ ಮಾತ್ರ ಲೆಕ್ಕವಿಲ್ಲ. ಸೊಸೆ ಅಥವಾ ಮಗಳು ಕೂಲಿ ಬಿಡುತ್ತಾಳೆ, ರಾತ್ರಿ ಬಾಗಿಲಿಗೆ ಕೀಲಿ ಹಾಕಿ ಅದರ ಪಕ್ಕ ಮಲಗುತ್ತಾಳೆ. ಶಾಲೆಗೆ ಹೋಗಬೇಕಾದ ಮೊಮ್ಮಗಳು ಅಜ್ಜಿಯ ಕಾವಲಿಗೆ ಕೂರುತ್ತಾಳೆ. ಸತ್ತ ನರಕೋಶವನ್ನು ಬದುಕಿಸುವ ಔಷಧ ಇವತ್ತಿಗೂ ಇಲ್ಲ. ಅಲ್ಝೈಮರ್‌ಗೆ ಬಂದಿರುವ ಹೊಸ ಇಂಜೆಕ್ಷನ್‌ಗಳು ರಕ್ತನಾಳದ ಈ ಕಾಯಿಲೆಗೆ ಅಲ್ಲ.

ಗುಳಿಗೆಯಿಂದ ಡಿಮೆನ್ಷಿಯಾ ತಡೆಯಬಹುದು ಎಂಬುದಕ್ಕೆ ಆಧಾರವೇನು ಎಂದು ಅಧಿಕಾರಿಗಳು ಕೇಳುವುದು ನ್ಯಾಯವೇ. ಯುರೋಪಿನಲ್ಲಿ ವೃದ್ಧರ ಮೇಲೆ ನಡೆದ ಒಂದು ಪ್ರಯೋಗ 1998ರಲ್ಲೇ ರಕ್ತದೊತ್ತಡದ ಚಿಕಿತ್ಸೆಯಿಂದ ಡಿಮೆನ್ಷಿಯಾ ಅರ್ಧಕ್ಕಿಳಿದಿದ್ದನ್ನು ತೋರಿಸಿತ್ತು. ಅಮೆರಿಕದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದ್ದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಮೇಲಿನ ಬಿಪಿಯನ್ನು 120ಕ್ಕಿಂತ ಕೆಳಗೆ ತರಲು ಯತ್ನಿಸಿದ ಗುಂಪಿನಲ್ಲಿ ಡಿಮೆನ್ಷಿಯಾಕ್ಕೆ ಮುಂಚಿನ ಹಂತದ ಬುದ್ಧಿಶಕ್ತಿಯ ಕುಗ್ಗುವಿಕೆ 19 ಪ್ರತಿಶತ ಕಡಿಮೆಯಾಗಿತ್ತು. ಡಿಮೆನ್ಷಿಯಾ ಕೂಡ ಕಡಿಮೆ ಕಂಡಿತಾದರೂ ಪ್ರಯೋಗ ಬೇಗ ನಿಂತಿದ್ದರಿಂದ ಆ ವ್ಯತ್ಯಾಸ ಖಚಿತವೆನ್ನುವಷ್ಟು ಬಲವಾಗಿರಲಿಲ್ಲ.

ನಾನು ನಿಮ್ಮ ಗಮನಕ್ಕೆ ವಿಶೇಷವಾಗಿ ತರಬೇಕೆಂದಿರುವುದು ಚೀನಾದ ಹಳ್ಳಿಗಳ ಪ್ರಯೋಗ. 2025ರಲ್ಲಿ ಪ್ರಕಟವಾಯಿತು. 326 ಹಳ್ಳಿ, ನಲವತ್ತು ದಾಟಿದ, ಬಿಪಿ ಹತೋಟಿಯಲ್ಲಿಲ್ಲದ 33,995 ಜನ. ಅರ್ಧ ಹಳ್ಳಿಗಳಲ್ಲಿ ಎಂದಿನ ಚಿಕಿತ್ಸೆ. ಉಳಿದರ್ಧ ಹಳ್ಳಿಗಳಲ್ಲಿ ದೊಡ್ಡ ಡಾಕ್ಟರಲ್ಲದ, ಅಲ್ಪ ತರಬೇತಿಯ ಗ್ರಾಮ ವೈದ್ಯರ ಕೈಗೇ ಒಂದು ಸರಳ ಪದ್ಧತಿಯನ್ನು ಕೊಟ್ಟರು. ಬಿಪಿ 130/80ಕ್ಕಿಂತ ಕೆಳಗೆ ಬರುವವರೆಗೆ ಗುಳಿಗೆ ಹೆಚ್ಚಿಸುತ್ತಾ ಹೋಗುವುದು, ಮನೆಯಲ್ಲೇ ಬಿಪಿ ನೋಡಿಕೊಳ್ಳುವುದನ್ನು ಕಲಿಸುವುದು, ಗುಳಿಗೆಯನ್ನು ಪುಕ್ಕಟೆ ಅಥವಾ ಕಡಿಮೆ ದರಕ್ಕೆ ಕೊಡುವುದು, ಕಷ್ಟ ಬಂದಾಗ ಮೇಲಿನ ವೈದ್ಯರನ್ನು ಕೇಳುವುದು. ನಾಲ್ಕು ವರ್ಷದ ಕೊನೆಗೆ ಆ ಹಳ್ಳಿಗಳಲ್ಲಿ ಮೇಲಿನ ಬಿಪಿ ಬೇರೆ ಹಳ್ಳಿಗಳಿಗಿಂತ 22 ಅಂಕ ಹೆಚ್ಚು ಇಳಿದಿತ್ತು. ಡಿಮೆನ್ಷಿಯಾ 15 ಪ್ರತಿಶತ ಕಡಿಮೆಯಾಗಿತ್ತು. ಪ್ರಯೋಗ ನಡೆದಿದ್ದು ನಗರದ ದೊಡ್ಡ ಆಸ್ಪತ್ರೆಯಲ್ಲಲ್ಲ, ನಮ್ಮ ಚಿಂಚೋಳಿ, ಸುರಪುರ, ಔರಾದಿನ ಹಳ್ಳಿಗಳಂಥ ಕಡೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಲ್ಕೇ ವರ್ಷದಲ್ಲಿ ಇಷ್ಟು ಫಲ ಕಂಡಿದ್ದರೆ, ಅದನ್ನು ಐವತ್ತರಲ್ಲಿ ಶುರುಮಾಡಿ ಇಪ್ಪತ್ತು ವರ್ಷ ನಡೆಸಿದರೆ ಏನಾಗಬಹುದು ಎಂದು ಯೋಚಿಸುತ್ತಿದ್ದೆ.

ನಮ್ಮಲ್ಲಿ ಇದಕ್ಕೆ ಬೇಕಾದ ಕೈಗಳು ಈಗಾಗಲೇ ಇವೆ. ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ಪ್ರತಿ ಊರಿನಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಯಾರ ಮನೆಯಲ್ಲಿ ಯಾರು ಗುಳೆ ಹೋಗಿದ್ದಾರೆ ಎಂದು ಅವರಿಗೆ ಬಾಯಿಪಾಠ. 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಮನೆಗೇ ಹೋಗಿ ಬಿಪಿ, ಶುಗರ್ ನೋಡುವ ವ್ಯವಸ್ಥೆ ಇದೆ. ಅದು ಒಳ್ಳೆಯ ಯೋಜನೆ, ಮನಸಾರೆ ಸ್ವಾಗತಿಸುತ್ತೇನೆ. ಅಳೆದ ಮೇಲಿನ ಕೆಲಸಕ್ಕೆ ಮಂಡಳಿ ಹೆಗಲು ಕೊಡಬೇಕು ಎಂಬುದೇ ನನ್ನ ಕೇಳಿಕೆ.

ಶಿಬಿರಗಳ ಬಗ್ಗೆ ಒಂದು ಮಾತು. ಶರಣಬಸವೇಶ್ವರ ಜಾತ್ರೆಯಲ್ಲಿ, ಬಂದೇನವಾಜ್ ಉರುಸಿನಲ್ಲಿ ಟೆಂಟ್ ಹಾಕಿ ಸಾವಿರಾರು ಜನರ ಬಿಪಿ ನೋಡುವುದು ಸೇವೆಯೇ, ಮಾಡುವವರ ಮನಸ್ಸು ದೊಡ್ಡದು. ಆದರೆ ಚೀಟಿಯಲ್ಲಿ 170/100 ಎಂದು ಬರೆದುಕೊಟ್ಟು ಕಳಿಸಿದ ಮನುಷ್ಯ ಮರುದಿನ ಅಫಜಲಪುರದ ತನ್ನ ಹಳ್ಳಿಯಲ್ಲಿ ಯಾರ ಹತ್ತಿರ ಹೋಗಬೇಕು? ಶಿಬಿರದ ದುಡ್ಡನ್ನು ವರ್ಷದ ಹನ್ನೆರಡು ತಿಂಗಳ ಗುಳಿಗೆಗೆ ಹಾಕಿದರೆ ಫಲ ಹೆಚ್ಚು ಎಂದು ನನ್ನ ಖಚಿತ ಅಭಿಪ್ರಾಯ. ಜಾತ್ರೆಯಲ್ಲಿ ಅಳೆಯುವುದೇ ಆದರೆ ಆ ಚೀಟಿಯ ವಿವರ ಆತನ ಊರಿನ ಉಪಕೇಂದ್ರಕ್ಕೆ ತಲುಪುವ ಏರ್ಪಾಡು ಇರಲಿ.

ಗುಳೆ ಹೋಗುವವರಿಗೆ ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡಲು ಅವಕಾಶ ಮಾಡಿಕೊಡಿ. ಬಿಪಿ ಸ್ಥಿರವಾಗಿರುವವರು ಪ್ರತಿ ತಿಂಗಳು ಕೂಲಿ ಬಿಟ್ಟು ಬರಬೇಕೆಂಬ ಕಟ್ಟುಪಾಡು ಬೇಡ. ಸ್ಟಾಕ್ ಮುಗಿಯುವ ಮುಂಚೆ ಜಿಲ್ಲಾ ಉಗ್ರಾಣಕ್ಕೆ ತಿಳಿಯುವ ವ್ಯವಸ್ಥೆ, ತುರ್ತಿಗೆ ಸ್ಥಳೀಯವಾಗಿ ಕೊಳ್ಳಲು ಮಂಡಳಿಯ ಕಡೆಯಿಂದ ಒಂದು ನಿಧಿ ಇದ್ದರೆ ‘ಮುಂದಿನ ವಾರ ಬಾ’ ಎಂಬ ಮಾತು ನಿಲ್ಲುತ್ತದೆ. ಓದು ಬರದವರಿಗೆ ಗುಳಿಗೆಯ ಪಟ್ಟಿಯನ್ನು ಕತ್ತರಿಸದೆ, ಸೂರ್ಯ-ಚಂದ್ರನ ಚಿತ್ರ ಇರುವ ಲಕೋಟೆಯಲ್ಲಿ ಹಾಕಿ ಕೊಡಿ. ಆಶಾ ಕಾರ್ಯಕರ್ತೆಗೆ ಈ ಕೆಲಸ ವಹಿಸುವುದಾದರೆ ಅದಕ್ಕೆ ತಕ್ಕ ಗೌರವಧನ ಸೇರಿಸಿಯೇ ವಹಿಸಿ. ಈಗಾಗಲೇ ಅವರ ಬೆನ್ನ ಮೇಲೆ ಇರುವ ರಿಜಿಸ್ಟರುಗಳ ಹೊರೆ ಕಡಿಮೆಯೇನಲ್ಲ.

ಎಚ್ಚರವೂ ಬೇಕು. ತೀರ ವಯಸ್ಸಾದವರ ಬಿಪಿಯನ್ನು ಒಮ್ಮೆಲೇ ಇಳಿಸಿದರೆ ಎದ್ದು ನಿಂತಾಗ ತಲೆಸುತ್ತಿ ಬೀಳುತ್ತಾರೆ, ಸೊಂಟ ಮುರಿಯುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ, ಮೈಯಲ್ಲಿ ನೀರಿಲ್ಲದಾಗ, ಇದು ಹೆಚ್ಚು. ಅದಕ್ಕೇ ವೃದ್ಧರ ಬಿಪಿಯನ್ನು ಕೂತಾಗ ಮಾತ್ರವಲ್ಲ, ನಿಂತಾಗಲೂ ನೋಡಬೇಕು ಎಂಬುದನ್ನು ತರಬೇತಿಯಲ್ಲಿ ಸೇರಿಸಿ. ಹಾಗೆಯೇ ಬಿಪಿ ನೋಡುವ ಕೈ ಅರ್ಧ ನಿಮಿಷ ನಾಡಿಯನ್ನೂ ಹಿಡಿಯಲಿ. ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹಾರುವ ಅಪಾಯವಿರುತ್ತದೆ. ಹೃದಯಜ್ಯೋತಿ ಯೋಜನೆಯಿಂದ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ವ್ಯವಸ್ಥೆ ಬಂದಿದೆ. ಅಂಥವರನ್ನು ಅಲ್ಲಿಗೆ ಕಳಿಸಿದರಾಯಿತು.

ಇನ್ನು ಉಪ್ಪು ಮತ್ತು ತಂಬಾಕು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಲೆ ಒಳ್ಳೆಯ ಊಟವೇ. ಅದರ ಜೊತೆ ತಾಟಿನ ಅಂಚಿಗೆ ಬರುವ ಉಪ್ಪಿನಕಾಯಿ, ಹಪ್ಪಳ, ಹಿಂಡಿಯ ಉಪ್ಪನ್ನು ಸ್ವಲ್ಪ ತಗ್ಗಿಸಬೇಕು. ಗುಟ್ಕಾ, ಬೀಡಿಯ ವಿಷಯ ನಿಮಗೆ ಗೊತ್ತಿರುವುದೇ.

ಲಕ್ವಾ ಆದವರ ವಿಷಯಕ್ಕೆ ಮರಳುತ್ತೇನೆ, ಅದು ನನ್ನ ದಿನನಿತ್ಯದ ಕೆಲಸ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಬೀಳಬೇಕು. ಆ ಸಮಯ ಪಾರಿವಾಳದ ರಕ್ತ ಹಚ್ಚುವುದರಲ್ಲಿ, ತಾಯತ ಕಟ್ಟಿಸುವುದರಲ್ಲಿ, ಸೊಲ್ಲಾಪುರಕ್ಕೆ ಹೋಗೋಣವೋ ಹೈದರಾಬಾದಿಗೋ ಎಂಬ ಚರ್ಚೆಯಲ್ಲಿ ಕಳೆದುಹೋಗುತ್ತದೆ. ಎಷ್ಟು ಮಿದುಳು ಉಳಿಯುತ್ತದೋ ಅಷ್ಟು ಬುದ್ಧಿ ಉಳಿಯುತ್ತದೆ. ಹಾಗಾಗಿ ಆ ನಾಲ್ಕೂವರೆ ತಾಸು ಕೈಕಾಲಿಗಾಗಿ ಮಾತ್ರವಲ್ಲ.

ನಗರದ ಒಂದು ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ಹಿರಿಯರೊಬ್ಬರ ಡಿಸ್ಚಾರ್ಜ್ ಕಾಗದವನ್ನು ಈಚೆಗೆ ನೋಡಿದೆ. ಕೈಯ ಬಲ, ಕಾಲಿನ ಬಲ, ಮಾತು, ನುಂಗುವುದು ಎಲ್ಲವನ್ನೂ ಬರೆದಿದ್ದರು. ಬುದ್ಧಿಶಕ್ತಿಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಮೂರು ತಿಂಗಳ ನಂತರ ಮತ್ತೆ ಬನ್ನಿ, ನೆನಪು-ಗಮನ ಪರೀಕ್ಷಿಸುತ್ತೇವೆ ಎಂಬ ಸೂಚನೆಯೂ ಇಲ್ಲ. ಇದು ಒಂದೇ ಕಡೆಯ ಕಥೆಯಲ್ಲ, ನನ್ನ ಕೈಗೆ ಬರುವ ಕಾಗದಗಳಲ್ಲಿ ಬಹಳಷ್ಟು ಹೀಗೇ ಇರುತ್ತವೆ. ವೈದ್ಯರಿಗೆ ಸಮಯವಿಲ್ಲ ಎಂಬುದು ನನಗೂ ಗೊತ್ತು. ಆದರೆ ಈ ಪರೀಕ್ಷೆಯನ್ನು ತರಬೇತಿ ಪಡೆದ ನರ್ಸ್ ಮಾಡಬಹುದು, ನನ್ನಂಥ ಫಿಜಿಯೋಥೆರಪಿಸ್ಟ್ ಮಾಡಬಹುದು. ಬರೆಯಲು ಓದಲು ಬಾರದವರಿಗೆ ಪೆನ್ನು ಕೊಟ್ಟು ಗಡಿಯಾರ ಬಿಡಿಸು ಎಂದರೆ ಅದು ಪರೀಕ್ಷೆಯಲ್ಲ, ಅವಮಾನ. ಐಸಿಎಂಆರ್ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಪರೀಕ್ಷೆಗಳ ಒಂದು ಕಟ್ಟನ್ನು ಸಿದ್ಧಪಡಿಸಿದೆ. ಅದನ್ನು ನಮ್ಮ ಭಾಗದ ಆಡುಮಾತಿಗೆ, ಓದುಬಾರದವರಿಗೆ ಹೊಂದುವಂತೆ ಬಳಸಲು ಕಲಬುರಗಿ, ಬೀದರ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಾದ ಜಿಮ್ಸ್, ಬ್ರಿಮ್ಸ್, ಯಿಮ್ಸ್‌ಗಳ ವೈದ್ಯರು ಒಟ್ಟಿಗೆ ಕೂತರೆ ಸಾಧ್ಯ. ದಖನಿ ಉರ್ದು ಮಾತಾಡುವವರನ್ನೂ, ತಾಂಡಾಗಳ ಲಂಬಾಣಿ ಮಾತಿನವರನ್ನೂ ಮರೆಯಬಾರದು. ಜೊತೆಗೆ ಬಿ12 ಕೊರತೆ, ಥೈರಾಯ್ಡ್, ತಲೆಗೆ ಪೆಟ್ಟಾಗಿ ಒಳಗೆ ನಿಂತ ರಕ್ತ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ. ಪರೀಕ್ಷಿಸದಿದ್ದರೆ ಅವೂ ಅರಳು ಮರಳಿನ ಲೆಕ್ಕಕ್ಕೆ ಸೇರಿಹೋಗುತ್ತವೆ.

ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್‌ನ ಉದ್ದೇಶವೂ ಇದೇ, ಊರಿನ ಹತ್ತಿರವೇ ಮಿದುಳಿನ ಆರೋಗ್ಯ ನೋಡುವುದು. ಮೊದಲ ಪ್ರಯೋಗ ನಡೆದಿದ್ದು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ. ಚಿತ್ತಾಪುರದ ಒಬ್ಬ ರೈತ ತನ್ನ ತಾಯಿಯನ್ನು ನಿಮ್ಹಾನ್ಸ್‌ಗೆ ಕರೆದೊಯ್ಯಬೇಕಾದರೆ ಒಂದು ರಾತ್ರಿಯ ರೈಲು, ವಾಪಸು ಇನ್ನೊಂದು ರಾತ್ರಿ. ಡಿಮೆನ್ಷಿಯಾ ಇರುವವರನ್ನು ಜನರಲ್ ಬೋಗಿಯಲ್ಲಿ ಕೂರಿಸಿಕೊಂಡು ಹೋಗುವುದು ಹೇಗಿರುತ್ತದೆ ಎಂದು ಹೋಗಿಬಂದ ಕುಟುಂಬಗಳನ್ನು ಕೇಳಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಈ ಸೇವೆ ಪೂರ್ಣ ಪ್ರಮಾಣದಲ್ಲಿ, ವಾರದ ಗೊತ್ತಾದ ದಿನ, ಗೊತ್ತಾದ ಕೋಣೆಯಲ್ಲಿ ಸಿಗುವಂತೆ ಮಂಡಳಿ ನಿಂತು ಮಾಡಿಸಬೇಕು.

ಹೃದಯಕ್ಕಾಗಿ ಈ ಭಾಗ ಏನು ಮಾಡಬಲ್ಲದು ಎಂದು ನಾವು ಕಣ್ಣಾರೆ ಕಂಡಿದ್ದೇವೆ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಆಸ್ಪತ್ರೆ ಉದ್ಘಾಟನೆಯಾಯಿತು. ಆ ಸಂಖ್ಯೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಕಲಮಿನ ನೆನಪಿಗೆ ಎಂದಾಗ ಎಷ್ಟು ಹೆಮ್ಮೆಯಾಯಿತು! ಎದೆನೋವು ಎಂದರೆ ಈಗ ನಮ್ಮ ಜನ ಸೊಲ್ಲಾಪುರದ ದಾರಿ ನೋಡಬೇಕಿಲ್ಲ. ಹೃದಯಕ್ಕೂ ಮಿದುಳಿಗೂ ಹರಿಯುವುದು ಒಂದೇ ರಕ್ತ, ಹಾಳು ಮಾಡುವುದು ಅದೇ ಬಿಪಿ, ಅದೇ ಸಕ್ಕರೆ, ಅದೇ ಬೀಡಿ. ಆ ಆಸ್ಪತ್ರೆಗೆ ಬರುವ ಪ್ರತಿ ರೋಗಿಯ ಮಿದುಳನ್ನೂ ನೆನಪಿನಲ್ಲಿಟ್ಟುಕೊಂಡು ಕೆಲಸ ಮಾಡಲು ಹೊಸ ಕಟ್ಟಡ ಬೇಕಾಗುವುದಿಲ್ಲ.

ನೋಡಿಕೊಳ್ಳುವವರ ಬಗ್ಗೆ ಕೊನೆಯದಾಗಿ ಕೇಳುತ್ತೇನೆ. ಪ್ರತಿ ತಾಲೂಕು ಕೇಂದ್ರದಲ್ಲಿ, ಈಗಿರುವ ಯಾವುದಾದರೂ ಸರ್ಕಾರಿ ಕಟ್ಟಡದಲ್ಲೇ ಸರಿ, ಡಿಮೆನ್ಷಿಯಾ ಇರುವವರನ್ನು ಹಗಲು ಹೊತ್ತು ಬಿಡಬಹುದಾದ ಒಂದು ಜಾಗ ಇದ್ದರೆ ಎಷ್ಟೋ ಹೆಣ್ಣುಮಕ್ಕಳು ಮತ್ತೆ ಕೆಲಸಕ್ಕೆ ಹೋಗುತ್ತಾರೆ, ಎಷ್ಟೋ ಮೊಮ್ಮಕ್ಕಳು ಶಾಲೆಗೆ. ಅಲ್ಲಿಗೆ ವಾರಕ್ಕೊಂದು ದಿನ ಬಂದು ವ್ಯಾಯಾಮ ಮಾಡಿಸಲು ನಾನು ಸಿದ್ಧ, ಸಂಬಳ ಕೇಳುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ಇನ್ನೂ ಕೆಲವರು ಇದೇ ಮಾತು ಹೇಳಿದ್ದಾರೆ.

ಮಂಡಳಿಯ ಮುಂದಿನ ಕ್ರಿಯಾ ಯೋಜನೆ ತಯಾರಾಗುವ ಮುಂಚೆ ಈ ವಿಷಯದ ಮೇಲೆ ಒಂದು ಸಭೆ ಕರೆಯಿರಿ. ಆ ಸಭೆಗೆ ನರರೋಗ ತಜ್ಞರ ಜೊತೆ ಇಬ್ಬರು ಆಶಾ ಕಾರ್ಯಕರ್ತೆಯರನ್ನು, ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುತ್ತಿರುವ ಇಬ್ಬರು ಸೊಸೆಯಂದಿರನ್ನು ಕೂರಿಸಿ. ಒಂದು ತಾಲೂಕಿನಲ್ಲಾದರೂ ಸರಿ, ಈ ವರ್ಷವೇ ಗುಳಿಗೆ ತಪ್ಪದ ವ್ಯವಸ್ಥೆ ಶುರುವಾಗಲಿ. ಅದಕ್ಕೆ ಯಾವ ತಾಲೂಕು, ಯಾವ ತಿಂಗಳು ಎಂಬ ಉತ್ತರವನ್ನು ಪತ್ರಿಕೆಯ ಮೂಲಕವೇ ಸಾರ್ವಜನಿಕರಿಗೆ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮನೆ ಮನೆಗೆ ಹೋಗುವ ಒಬ್ಬ ಫಿಜಿಯೋಥೆರಪಿಸ್ಟ್
ಕಲಬುರಗಿ